ಕಲಾದಗಿಗೆ ಬಾರದ ಚೆಂಡು

ಕಲಾದಗಿ ಎಂದರೆ ಈಗಿನವರಿಗೆ ದಾಳಿಂಬೆ ಮತ್ತು ಚಿಕ್ಕು. ಘಟಪ್ರಭೆಯ ದಂಡೆಯ ಈ ಊರು ಒಂದು ಕಾಲಕ್ಕೆ ಜಿಲ್ಲಾ ಕೇಂದ್ರವಾಗಿತ್ತು ಎಂಬುದು ಬಾಗಲಕೋಟೆಯವರಿಗೇ ಅರ್ಧ ಮರೆತುಹೋಗಿದೆ. 1864ರಲ್ಲಿ ಕಲಾದಗಿ ಜಿಲ್ಲೆ ಆಯಿತು. ಬಾಗಲಕೋಟೆ, ಬಾದಾಮಿ, ಹುನಗುಂದ, ವಿಜಾಪುರ ಎಲ್ಲವೂ ಅದರ ಕೈಕೆಳಗೆ. ಕಲೆಕ್ಟರ್ ಸಾಹೇಬರು ಅಲ್ಲೇ, ಅದಕ್ಕೂ ಮೊದಲಿನಿಂದ ಬ್ರಿಟಿಷರ ದಂಡೂ ಅಲ್ಲೇ. 1857ರಲ್ಲಿ ಹತಾರ ಒಪ್ಪಿಸಲು ಒಲ್ಲೆವೆಂದ ಹಲಗಲಿಯ ಬೇಡರ ಮೇಲೆ ಏರಿಹೋದದ್ದು ಇಂಥ ದಂಡೇ. ಆ ಕಥೆ ಲಾವಣಿಯಾಗಿ ಇನ್ನೂ ಬದುಕಿದೆ.

ದಂಡಿನ ಮಾತು ಯಾಕೆ ತೆಗೆದೆನೆಂದರೆ, ಫುಟ್‌ಬಾಲ್ ಈ ದೇಶಕ್ಕೆ ಬಂದದ್ದು ದಂಡಿನ ಬೆನ್ನು ಹತ್ತಿಯೇ. ಲಂಡನ್ನಿನಲ್ಲಿ ಕೆಲವರು ಕೂಡಿ ಆ ಆಟಕ್ಕೆ ನಿಯಮ ಬರೆದದ್ದು 1863ರಲ್ಲಿ, ಕಲಾದಗಿ ಜಿಲ್ಲೆಯಾಗುವ ಹಿಂದಿನ ವರ್ಷ. ಕವಾಯತು ಮುಗಿದ ಮೇಲೆ ಸಂಜೆ ಕಳೆಯಲು ಗೋರಾ ಸಿಪಾಯಿಗಳಿಗೆ ಒಂದು ಚೆಂಡು, ಒಂದು ಬಯಲು ಸಾಕಾಗಿತ್ತು. ಕ್ರಿಕೆಟ್ಟಿಗೆ ಬೇಕಾದ ಖರ್ಚು, ಪುರಸೊತ್ತು ಎರಡೂ ಅದಕ್ಕೆ ಬೇಡ. ಆದ್ದರಿಂದ ದಂಡು ಇದ್ದ ಕಡೆ ಫುಟ್‌ಬಾಲ್ ಬೇರು ಬಿಟ್ಟಿತು. ನಮ್ಮ ನಾಡಿನಲ್ಲಿ ಬೆಂಗಳೂರು ಮತ್ತು ಬೆಳಗಾವಿ ಇದಕ್ಕೆ ಸಾಕ್ಷಿ.

ಕಲಾದಗಿಯ ಹಣೆಬರಹ ಬೇರೆ ಇತ್ತು. 1876–78ರ ಬರ ಈ ಜಿಲ್ಲೆಯನ್ನು ಬುಡಸಮೇತ ಅಲುಗಾಡಿಸಿತು. ಮುಂದಿನ ದಶಕದಲ್ಲಿ ಗದಗ–ಹೋಟಗಿ ರೈಲು ಹಾದಿ ಬಂತು. ಅದು ಬಾದಾಮಿ, ಬಾಗಲಕೋಟೆ, ವಿಜಾಪುರಗಳನ್ನು ಮುಟ್ಟಿ ಕಲಾದಗಿಯನ್ನು ಬದಿಗಿಟ್ಟು ಹೋಯಿತು. 1885ರಲ್ಲಿ ಜಿಲ್ಲಾ ಕೇಂದ್ರವೇ ವಿಜಾಪುರಕ್ಕೆ ಎದ್ದುಹೋಯಿತು. ಈಗ ಈ ಇಸವಿಗಳನ್ನು ನೋಡಿ: ಸಿಮ್ಲಾದಲ್ಲಿ ಡ್ಯುರಾಂಡ್ ಕಪ್ ಶುರುವಾದದ್ದು 1888, ಮುಂಬಯಿಯಲ್ಲಿ ರೋವರ್ಸ್ ಕಪ್ 1891, ಕಲಕತ್ತೆಯಲ್ಲಿ ಐಎಫ್ಎ ಶೀಲ್ಡ್ 1893. ಚೆಂಡು ದೇಶದ ದಂಡುಗಳಲ್ಲಿ ಭರದಿಂದ ಉರುಳತೊಡಗುವ ಹೊತ್ತಿಗೆ ಕಲಾದಗಿ ಹಣ್ಣಿನ ತೋಟಗಳ ಹಳ್ಳಿಯಾಗುವ ಹಾದಿ ಹಿಡಿದಿತ್ತು. ದಂಡು ಇನ್ನೊಂದು ಇಪ್ಪತ್ತು ವರ್ಷ ನಿಂತಿದ್ದರೆ ಘಟಪ್ರಭೆಯ ದಂಡೆಯಲ್ಲೂ ಒಂದು ಫುಟ್‌ಬಾಲ್ ಓಣಿ ಹುಟ್ಟುತ್ತಿತ್ತೆಂದು ನನ್ನ ನಂಬಿಕೆ. ಇತಿಹಾಸದಲ್ಲಿ ‘ಆಗಿದ್ದರೆ’ ಎಂಬ ಮಾತಿಗೆ ಬೆಲೆಯಿಲ್ಲ ಅನ್ನುತ್ತಾರೆ. ಆಟದ ಇತಿಹಾಸದಲ್ಲಿ ಅಷ್ಟು ಸಲುಗೆ ಇರಲಿ.

ಹಾಗಾದರೆ ನಮ್ಮ ಕಡೆಯ ಹುಡುಗರ ಕಸುವು ಎಲ್ಲಿ ಹೋಯಿತು? ಅಖಾಡಕ್ಕೆ. ಮುಧೋಳದ ಘೋರ್ಪಡೆ, ಜಮಖಂಡಿಯ ಪಟವರ್ಧನ ಸಂಸ್ಥಾನಗಳ ನೆರಳು, ಊರೂರಿಗೆ ಗರಡಿ ಮನೆ, ಬಾದಾಮಿಯ ಬನಶಂಕರಿ ಜಾತ್ರೆಯಿಂದ ಹಿಡಿದು ಸಣ್ಣಪುಟ್ಟ ಹಳ್ಳಿಯ ಉರುಸಿನವರೆಗೆ ಕುಸ್ತಿ, ಗುಂಡು ಎತ್ತುವುದು, ತೇರಬಂಡಿ ಎಳೆಸುವುದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗ ಮೀಸಲಾಗಿದೆ. ಅಂದರೆ 12ನೇ ಶತಮಾನದಲ್ಲೇ ಈ ನಾಡಿನ ಅರಮನೆ ಕುಸ್ತಿಯನ್ನು ಕೂತು ನೋಡುವ ಆಟವಾಗಿ ಕಂಡಿತ್ತು.

ಕೂತು ನೋಡುವುದು ಎಂದೊಡನೆ ಕ್ರೀಡಾಂಗಣದ ಮಾತು ಬರುತ್ತದೆ. ಯುರೋಪಿನ ದೊಡ್ಡ ಫುಟ್‌ಬಾಲ್ ಕ್ರೀಡಾಂಗಣಗಳ ಚರಿತ್ರೆಯಲ್ಲಿ 1902 ಕರಾಳ ವರ್ಷ. ಗ್ಲಾಸ್ಗೋದ ಐಬ್ರಾಕ್ಸ್ ಮೈದಾನದಲ್ಲಿ ಜನ ನಿಂತ ಮರದ ಅಟ್ಟ ಕುಸಿದು 25 ಮಂದಿ ಸತ್ತರು. ಅದನ್ನು ಕಟ್ಟಿಸಿದ ಆರ್ಚಿಬಾಲ್ಡ್ ಲೀಚ್ ಮೂಲತಃ ಕಾರ್ಖಾನೆ ಕಟ್ಟುವ ಎಂಜಿನಿಯರ್. ಸಾವಿರಾರು ಜನರ ಭಾರ ಹೊರುವ ಕಟ್ಟೆಗಳನ್ನು ಹೇಗೆ ಕಟ್ಟಬೇಕೆಂಬುದನ್ನು ಮುಂದೆ ಅವನೇ ಬ್ರಿಟನ್ನಿಗೆಲ್ಲ ಕಲಿಸಿದ. 1910ರಲ್ಲಿ ತೆರೆದ ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡ್ ಅವನದೇ ಕೈಕೆಲಸ. ಅದೇ 1902ರಲ್ಲಿ ಏಳನೆಯ ಎಡ್ವರ್ಡ್‌ನ ಪಟ್ಟಾಭಿಷೇಕಕ್ಕೆಂದು ಕೊಲ್ಹಾಪುರದ ಶಾಹೂ ಮಹಾರಾಜರು ಯುರೋಪಿಗೆ ಹೋಗಿದ್ದರು. ರೋಮಿನ ಕೊಲೋಸಿಯಂ ನೋಡಿ ಇಂಥದ್ದೊಂದು ನಮ್ಮ ಪೈಲ್ವಾನರಿಗೂ ಬೇಕೆಂದು ಅವರಿಗೆ ಅನಿಸಿತಂತೆ. ಇದು ಕೊಲ್ಹಾಪುರದವರ ಮಾತು. ಫಲವಾಗಿ 1912ರಲ್ಲಿ ಖಾಸಬಾಗ್ ಮೈದಾನ ಎದ್ದಿತು. ನಡುವೆ ಕೆಂಪು ಮಣ್ಣಿನ ಅಖಾಡ, ಸುತ್ತ ಗುಂಡಗೆ ಏರುತ್ತ ಹೋಗುವ ಕಟ್ಟೆ. ಯಾವ ಮೂಲೆಯಲ್ಲಿ ಕೂತರೂ ಮುಂದಿನವನ ರುಮಾಲು ಅಡ್ಡ ಬಾರದಂತೆ ಇಳಿಜಾರು. ಸಾವಿರಗಟ್ಟಲೆ ಜನ ನೆಲದ ಮೇಲೆಯೇ ಕೂತು ನೋಡುವ ಇಂಥ ಜಾಗ ಫುಟ್‌ಬಾಲಿಗೆ ಆಗ ನಮ್ಮ ದೇಶದಲ್ಲಿ ಎಲ್ಲೂ ಇರಲಿಲ್ಲ. ಕೃಷ್ಣೆಯ ಈಚೆ ದಡದ ಕನ್ನಡದ ಪೈಲ್ವಾನರಿಗೆ ಕೊಲ್ಹಾಪುರವೇ ದೊಡ್ಡ ಶಾಲೆಯಾಯಿತು. ಓಲ್ಡ್ ಟ್ರಾಫರ್ಡಿಗೂ ಖಾಸಬಾಗಿಗೂ ನಡುವಿನ ಅಂತರ ಎರಡೇ ವರ್ಷ. ಒಂದು ಹೊಗೆಕೊಳವೆಗಳ ಊರಿನ ಗಿರಣಿ ಕಾರ್ಮಿಕರ ದುಡ್ಡಿನಲ್ಲಿ ಬೆಳೆಯಿತು, ಇನ್ನೊಂದು ಒಬ್ಬ ರಾಜನ ಹುಚ್ಚಿನಿಂದ. ರಾಜಾಶ್ರಯ ಹೋದ ಮೇಲೆ ಕುಸ್ತಿ ಯಾಕೆ ಸೊರಗಿತು, ಟಿಕೆಟ್ಟಿನ ದುಡ್ಡಿನ ಮೇಲೆ ನಿಂತ ಫುಟ್‌ಬಾಲ್ ಯಾಕೆ ಉಬ್ಬಿತು ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಇತ್ತ ಬೆಂಗಳೂರು ದಂಡಿನಲ್ಲಿ ಆಟ ಸಿಪಾಯಿಗಳಿಂದ ಓಣಿಗೆ ಇಳಿದಿತ್ತು. 1809ರಲ್ಲಿ ನೆಲೆಯಾದ ಆ ದಂಡಿನ ಸುತ್ತ ತಮಿಳು, ದಖನಿ, ಕನ್ನಡ ಬೆರೆತ ವಠಾರಗಳು. ಅಲ್ಲಿಯ ಹುಡುಗರು ಬೂಟಿಲ್ಲದೆ ಆಡಿ ಕಲಿತರು. ಗೌತಮಪುರದ ಓಣಿಯಲ್ಲಿ ಇಂದಿಗೂ ಪೆಲೆಯ ಪ್ರತಿಮೆ ನಿಂತಿದೆ. 1911ರಲ್ಲಿ ಮೋಹನ್ ಬಗಾನ್ ಬರಿಗಾಲಲ್ಲಿ ಆಡಿ ಈಸ್ಟ್ ಯಾರ್ಕ್‌ಷೈರ್ ಪಲ್ಟನ್ನಿನಿಂದ ಐಎಫ್ಎ ಶೀಲ್ಡ್ ಕಿತ್ತುಕೊಂಡದ್ದನ್ನು ಪಠ್ಯಪುಸ್ತಕಗಳು ಹೇಳುತ್ತವೆ. ಬೆಂಗಳೂರಿನವರ ಸಾಧನೆಯನ್ನು ಹೇಳುವವರು ಕಡಿಮೆ. ರೋವರ್ಸ್ ಕಪ್ ಶುರುವಾದಂದಿನಿಂದ ಗೋರಾ ಪಲ್ಟನ್‌ಗಳ ಸೊತ್ತಾಗಿತ್ತು. 1937ರಲ್ಲಿ ಅದನ್ನು ಮೊಟ್ಟಮೊದಲು ಗೆದ್ದ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಅಂತಿಮ ಪಂದ್ಯದಲ್ಲಿ ಸೋತದ್ದು ಆ ಕಾಲದಲ್ಲಿ ಕಲಕತ್ತೆ ಲೀಗನ್ನು ವರ್ಷವರ್ಷವೂ ಗೆಲ್ಲುತ್ತಿದ್ದ ಮೊಹಮ್ಮದನ್ ಸ್ಪೋರ್ಟಿಂಗ್. ಮರುವರ್ಷವೂ ಕಪ್ ಬೆಂಗಳೂರಿಗೇ ಬಂತು. 1946–47ರಲ್ಲಿ ಮೈಸೂರು ಸಂಸ್ಥಾನದ ತಂಡ ಬಂಗಾಳವನ್ನು ಮಣಿಸಿ ಸಂತೋಷ್ ಟ್ರೋಫಿ ಗೆದ್ದಿತು. ಸ್ವತಂತ್ರ ಭಾರತ ಮೊದಲ ಒಲಿಂಪಿಕ್ಸಿಗೆ ಆಟಗಾರರನ್ನು ಆರಿಸುವಾಗ ಬೆಂಗಳೂರಿನ ಹೆಸರುಗಳು ಸಾಲುಗಟ್ಟಿ ಬಂದದ್ದು ಹಾಗೆ: ಗೋಲಿ ಕೆ.ವಿ. ವರದರಾಜ್, ವಜ್ರವೇಲು, ಧನರಾಜ್, ಅಹ್ಮದ್ ಖಾನ್, ಸಾರಂಗಪಾಣಿ ರಾಮನ್.

1948ರ ಜುಲೈ 31, ಶನಿವಾರ. ಪೂರ್ವ ಲಂಡನ್ನಿನ ಇಲ್‌ಫೋರ್ಡ್. ಒಲಿಂಪಿಕ್ಸ್ ಎಂದೊಡನೆ ವೆಂಬ್ಲಿ ಕಣ್ಣಿಗೆ ಬರುತ್ತದೆ. 1923ರಲ್ಲಿ ಅದರ ಮೊದಲ ಎಫ್ಎ ಕಪ್ ಫೈನಲ್ಲಿಗೆ ಲೆಕ್ಕಕ್ಕೆ ಸಿಕ್ಕವರೇ 1,26,047 ಜನ. ಲೆಕ್ಕಕ್ಕೆ ಸಿಗದೆ ಗೋಡೆ ಹಾರಿ ಬಂದವರು ಬೇರೆ. 1948ರ ಕ್ರೀಡಾಕೂಟದ ಉದ್ಘಾಟನೆಯೂ ಎರಡು ದಿನ ಹಿಂದೆ ಅಲ್ಲೇ ಆಗಿತ್ತು. ಆದರೆ ಮೊದಲ ಸುತ್ತಿನ ಫುಟ್‌ಬಾಲನ್ನು ಲಂಡನ್ನಿನ ಸಣ್ಣ ಕ್ಲಬ್ ಮೈದಾನಗಳಿಗೂ ಹಂಚಿದ್ದರು. ಭಾರತ–ಫ್ರಾನ್ಸ್ ಪಂದ್ಯಕ್ಕೆ ಇಲ್‌ಫೋರ್ಡಿನಲ್ಲಿ ಸೇರಿದವರು ಸುಮಾರು 17,000. ಯುದ್ಧ ಮುಗಿದು ಮೂರೇ ವರ್ಷ, ಪಡಿತರ ಚೀಟಿಯ ಲಂಡನ್. ಆ ಜನಕ್ಕೆ ಕಂಡದ್ದು ಬಹುತೇಕ ಬರಿಗಾಲಿನ ತಂಡ. ಕೆಲವರ ಪಾದಕ್ಕೆ ಪಟ್ಟಿ ಸುತ್ತಿತ್ತು. ನಾಯಕ ನಾಗಾ ಬೆಟ್ಟದ ತಾಲಿಮೆರೆನ್ ಆವ್, ವೈದ್ಯಕೀಯ ವಿದ್ಯಾರ್ಥಿ. ತರಬೇತುದಾರ ಬಲಾಯಿದಾಸ್ ಚಟರ್ಜಿ.

ಫ್ರಾನ್ಸ್ ಅರ್ಧ ಗಂಟೆಯ ಹೊತ್ತಿಗೆ ಕೂರ್ಬಿನ್ ಹೊಡೆದ ಗೋಲಿನಿಂದ ಮುಂದಾಯಿತು. ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕವು. ಒಂದನ್ನು ಶೈಲೆನ್ ಮನ್ನಾ, ಇನ್ನೊಂದನ್ನು ಮಹಾಬೀರ್ ಪ್ರಸಾದ್ ಕೈಚೆಲ್ಲಿದರು. 70ನೇ ನಿಮಿಷದಲ್ಲಿ ಬೆಂಗಳೂರಿನ ರಾಮನ್ ಚೆಂಡನ್ನು ಬಲೆಗೆ ನೂಕಿದರು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತದ ಮೊಟ್ಟಮೊದಲ ಗೋಲು ಅದು. ಒಂದಕ್ಕೆ ಒಂದು. ಪಂದ್ಯ ಹೆಚ್ಚುವರಿ ಹೊತ್ತಿಗೆ ಹೋಗುತ್ತದೆ ಎನ್ನುವಾಗ, ಮುಗಿಯಲು ನಿಮಿಷವೊಂದು ಬಾಕಿ ಇರುವಾಗ, ಪೆರ್ಸಿಯೋಂ ಎರಡನೆಯ ಗೋಲು ಹೊಡೆದ. ಎರಡು ಪೆನಾಲ್ಟಿಯಲ್ಲಿ ಒಂದಾದರೂ ಒಳಹೋಗಿದ್ದರೆ ಎಂದು ಎಪ್ಪತ್ತು ವರ್ಷದಿಂದ ಹಲುಬುತ್ತಿದ್ದೇವೆ. ಅದು ಬಿಡಿ, ಯುರೋಪಿನ ನೆಲದಲ್ಲಿ ಯುರೋಪಿನ ತಂಡದ ಎದುರು ಬರಿಗಾಲಲ್ಲಿ ಕೊನೆಯ ನಿಮಿಷದವರೆಗೆ ಸಮಸಮ ನಿಂತರು. ಆಗಸ್ಟ್ 12ರಂದು ವೆಂಬ್ಲಿಯಲ್ಲಿ ಬ್ರಿಟನ್ನನ್ನು 4–0ರಿಂದ ಸೋಲಿಸಿ ಹಾಕಿ ತಂಡ ಚಿನ್ನ ಗೆದ್ದದ್ದು ಮನೆಮಾತಾಯಿತು. ಇಲ್‌ಫೋರ್ಡ್ ಅದರ ನೆರಳಿಗೆ ಸರಿಯಿತು.

ಆಮೇಲೆ ಈ ಫುಟ್‌ಬಾಲ್ ತಂಡ ಹಾಲೆಂಡ್ ಸುತ್ತಿ ಆಮ್‌ಸ್ಟರ್‌ಡಾಮಿನ ಅಯಾಕ್ಸ್ ಕ್ಲಬ್ಬನ್ನು 5–1ರಿಂದ ಸೋಲಿಸಿತು. ಅದೇ ಅಯಾಕ್ಸ್ 1971ರಿಂದ 1973ರವರೆಗೆ ಸತತ ಮೂರು ಬಾರಿ ಯುರೋಪಿಯನ್ ಕಪ್ ಎತ್ತಿತು ಎಂಬುದನ್ನು ನೆನೆದರೆ ಆ 5–1ರ ತೂಕ ತಿಳಿಯುತ್ತದೆ.

ಆ ಶನಿವಾರ ನಮ್ಮ ಕಡೆ ಇದರ ಸುಳಿವು ಎಷ್ಟು ಮಂದಿಗೆ ಇದ್ದೀತು? ಬಾಗಲಕೋಟೆ, ಬಾದಾಮಿ, ಹುನಗುಂದ ಆಗ ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆಯಲ್ಲಿದ್ದವು. ಮೈಸೂರು ಬೇರೆಯವರ ರಾಜ್ಯ. ಜಮಖಂಡಿ, ಮುಧೋಳ ಸಂಸ್ಥಾನಗಳು ಅದೇ ವರ್ಷ ಮುಂಬಯಿಯಲ್ಲಿ ವಿಲೀನವಾಗಿದ್ದವು. ಕುಸ್ತಿಗೆ ಅನ್ನ ಹಾಕುತ್ತಿದ್ದ ಅರಮನೆಗಳ ಬಾಗಿಲು ಮುಚ್ಚುತ್ತಿತ್ತು. ಇಳಕಲ್ಲಿನವರಿಗಂತೂ ಬೇರೆಯದೇ ಚಿಂತೆ. ಊರಾಚೆ ಸ್ವಲ್ಪ ನಡೆದರೆ ನಿಜಾಮನ ಗಡಿ, ಅತ್ತ ಕುಷ್ಟಗಿ, ಲಿಂಗಸುಗೂರು. ರಜಾಕಾರರ ಹಾವಳಿ ತುದಿ ಮುಟ್ಟಿದ ತಿಂಗಳುಗಳು ಅವು. ಸೆಪ್ಟೆಂಬರ್ 17ರಂದು ಹೈದರಾಬಾದ್ ಶರಣಾಗುವವರೆಗೆ ಗಡಿ ಸಾಲಿನ ಊರುಗಳಿಗೆ ನೆಮ್ಮದಿಯ ನಿದ್ದೆ ಇರಲಿಲ್ಲ. ರಾಮನ್ನರ ಗೋಲು ಕೇಳಲು ಮಗ್ಗದ ಮನೆಗಳಲ್ಲಿ ಯಾರಿಗೆ ಪುರಸೊತ್ತು? ಕನ್ನಡ ನಾಡು ಹರಿದು ಹಂಚಿಹೋಗಿದ್ದರಿಂದ ಏನೇನು ಕಳೆದುಕೊಂಡೆವು ಎಂದು ಏಕೀಕರಣದ ಚರಿತ್ರೆಗಳು ಪಟ್ಟಿ ಕೊಡುತ್ತವೆ. ಆ ಪಟ್ಟಿಗೆ ಇದನ್ನೂ ಸೇರಿಸಬೇಕು: ನಮ್ಮವರ ಗೆಲುವನ್ನು ನಮ್ಮದೆಂದು ಹಿಗ್ಗಲು ಆಗಲಿಲ್ಲ.

ಬರಿಗಾಲಿನ ಬಗ್ಗೆ ಒಂದು ಕಟ್ಟುಕಥೆಯನ್ನು ಇಲ್ಲೇ ಬಗೆಹರಿಸುತ್ತೇನೆ. ಬೂಟಿಲ್ಲದೆ ಆಡಬಾರದೆಂದು ಫಿಫಾ ಹೇಳಿದ್ದರಿಂದ ಭಾರತ 1950ರ ಬ್ರೆಜಿಲ್ ವಿಶ್ವಕಪ್ಪಿಗೆ ಹೋಗಲಿಲ್ಲ ಎಂದು ಚಹಾದಂಗಡಿಯಿಂದ ಟಿವಿ ಸ್ಟುಡಿಯೋವರೆಗೆ ಹೇಳುತ್ತಾರೆ. ನಂಬಬೇಡಿ. ಬರಿಗಾಲು ಅಷ್ಟು ದೊಡ್ಡ ಅಪರಾಧವಾಗಿದ್ದರೆ ಇಲ್‌ಫೋರ್ಡಿನಲ್ಲೇ ತಡೆಯುತ್ತಿದ್ದರು. ವಿಶ್ವಕಪ್ಪಿನ ಬೆಲೆ ಆಗ ನಮ್ಮ ಫುಟ್‌ಬಾಲ್ ಅಧಿಕಾರಿಗಳಿಗೆ ಗೊತ್ತಿರಲಿಲ್ಲ. ಅವರ ಕಣ್ಣು ಒಲಿಂಪಿಕ್ಸ್ ಮೇಲಿತ್ತು. ಪ್ರಯಾಣ ದೂರದ್ದು, ತಯಾರಿ ಇಲ್ಲ. ರಿಯೊದ ಮರಕಾನಾ ಆ ವಿಶ್ವಕಪ್ಪಿಗೆಂದೇ ಕಟ್ಟಿದ, ಆಗಿನ ಜಗತ್ತಿನ ಅತಿ ದೊಡ್ಡ ಕ್ರೀಡಾಂಗಣ. ಅಹ್ಮದ್ ಖಾನ್ ಬ್ರೆಜಿಲ್ಲಿನ ನೆಲದಲ್ಲಿ ಆಡಬಹುದಿತ್ತು. ಅಧಿಕಾರಿಗಳ ಆಲಸ್ಯವನ್ನು ಆಟಗಾರರ ಪಾದದ ಮೇಲೆ ಹೊರಿಸಿದ್ದು ನನಗೆ ಇಂದಿಗೂ ಸಿಟ್ಟು ತರಿಸುತ್ತದೆ.

ಅಹ್ಮದ್ ಖಾನರ ಬಗ್ಗೆ ಇನ್ನಷ್ಟು ಹೇಳಬೇಕು. 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಚೆಂಡು ಅವರ ಕಾಲಿಗೆ ಅಂಟಿಕೊಂಡು ಹೊರಳುತ್ತಿದ್ದ ಬಗೆಗೆ ‘ಹಾವಾಡಿಗ’ ಎಂಬ ಅಡ್ಡಹೆಸರು ಬಿತ್ತು. ಕಲಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ ಅವರನ್ನು ಕರೆಸಿಕೊಂಡಿತು. ಅಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಮತ್ತು ಅಹ್ಮದ್ ಖಾನ್ ಸೇರಿ ಮುಂಚೂಣಿ ಕಟ್ಟಿದರು. ಬಂಗಾಳದ ಜನ ಈ ಐವರನ್ನು ‘ಪಂಚಪಾಂಡವರು’ ಎಂದು ಕರೆದರು. ಐವರಲ್ಲಿ ಒಬ್ಬರೂ ಬಂಗಾಳಿ ಅಲ್ಲ. 1949, 1950, 1951, ಸತತ ಮೂರು ಸಲ ಐಎಫ್ಎ ಶೀಲ್ಡ್ ಅವರದಾಯಿತು. 1951ರ ಮಾರ್ಚಿನಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1–0ರಿಂದ ಸೋಲಿಸಿ ಚಿನ್ನ ಗೆದ್ದ ತಂಡದಲ್ಲೂ ಖಾನ್ ಇದ್ದರು.

ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್. 1952ರ ಜುಲೈ 15, ಎದುರಾಳಿ ಯುಗೊಸ್ಲಾವಿಯಾ. ಉತ್ತರದ ಚಳಿ, ಒದ್ದೆ ಹುಲ್ಲು, ಬರಿಗಾಲು. ಫಲಿತಾಂಶ 10–1. ಆ ಒಂದು ಗೋಲು ಅಹ್ಮದ್ ಖಾನರದು, 89ನೇ ನಿಮಿಷದಲ್ಲಿ. ಹತ್ತು ಗೋಲು ತಿಂದ ಮೇಲೂ, ಮನೆಗೆ ಹೋಗುವ ಹೊತ್ತಿನಲ್ಲೂ, ಒಬ್ಬ ಮನುಷ್ಯ ಚೆಂಡಿನ ಹಿಂದೆ ಓಡುತ್ತಿದ್ದ ಎನ್ನುವುದು ನನ್ನ ಮಟ್ಟಿಗೆ ಇಲ್‌ಫೋರ್ಡಿನ ಗೋಲಿಗಿಂತ ದೊಡ್ಡದು. ಈ ಸೋಲಿನ ನಂತರವೇ ಫುಟ್‌ಬಾಲ್ ಫೆಡರೇಷನ್ ಬೂಟು ಕಡ್ಡಾಯ ಮಾಡಿತು. ಬರಿಗಾಲಿನ ಯುಗ ಮುಗಿಯಿತು.

1956ರ ನವೆಂಬರ್ 1ರಂದು ವಿಜಾಪುರ ಜಿಲ್ಲೆ ವಿಶಾಲ ಮೈಸೂರಿಗೆ ಸೇರಿತು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿ ಸೆಮಿಫೈನಲ್ ತಲುಪಿತು. ಆ ತಂಡದ ಬೆಂಗಳೂರಿಗ ಮರಿಯಪ್ಪ ಕೆಂಪಯ್ಯ ಬಾಗಲಕೋಟೆಯವರಿಗೂ ಈಗ ‘ನಮ್ಮ ರಾಜ್ಯದವರು’. ಅವರು 1960ರ ರೋಮ್ ತಂಡದಲ್ಲೂ ಇದ್ದರು. ಇಟಲಿಯ ಗ್ರೊಸೆಟೊ ಎಂಬ ಸಣ್ಣ ಊರಿನಲ್ಲಿ ಅದೇ ಫ್ರಾನ್ಸಿನೊಡನೆ ಭಾರತ 1–1 ಸಮ ಮಾಡಿಕೊಂಡಿತು. ಭಾರತದ ಫುಟ್‌ಬಾಲ್ ತಂಡ ಒಲಿಂಪಿಕ್ಸಿಗೆ ಹೋದದ್ದು ಅದೇ ಕೊನೆ. 1967–68 ಮತ್ತು 1968–69ರಲ್ಲಿ ಮೈಸೂರು ಮತ್ತೆ ಸಂತೋಷ್ ಟ್ರೋಫಿ ಗೆದ್ದಿತು. ಆಮೇಲೆ ಬಹಳ ದೀರ್ಘ ಬರಗಾಲ.

ಆ ಬರಗಾಲದಲ್ಲೇ ಯುರೋಪಿನ ಕ್ರೀಡಾಂಗಣಗಳು ನಮ್ಮ ಮನೆಗೆ ಬಂದವು. 1957ರಲ್ಲಿ ತೆರೆದ ಬಾರ್ಸಿಲೋನಾದ ಕ್ಯಾಂಪ್ ನೌ, 1947ರ ಮ್ಯಾಡ್ರಿಡ್ಡಿನ ಬೆರ್ನಬೇವು, ಲೀಚನ ಓಲ್ಡ್ ಟ್ರಾಫರ್ಡ್ ಎಲ್ಲವೂ ಟಿವಿಯಿಂದ ಮೊಬೈಲಿಗೆ ಇಳಿದವು. ಬಾಗಲಕೋಟೆಯ ನವನಗರದ ಹುಡುಗ ಮೆಸ್ಸಿಯ ಹೆಸರಿನ ಅಂಗಿ ತೊಟ್ಟು ನಡುರಾತ್ರಿ ಚಾಂಪಿಯನ್ಸ್ ಲೀಗ್ ನೋಡುತ್ತಾನೆ. ನೋಡಲಿ, ತಪ್ಪೇನಿಲ್ಲ. ರಾಮನ್ ಯಾರೆಂದು ಅವನಿಗೆ ಯಾರೂ ಹೇಳಿಲ್ಲ, ಅಷ್ಟೇ ಕೊರತೆ.

ಬೆಂಗಳೂರಿನಲ್ಲಿ ಫುಟ್‌ಬಾಲ್ ಮತ್ತೆ ಎದ್ದದ್ದು 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದ ಮೇಲೆ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಸಜ್ಜಾದ ಕಂಠೀರವ ಕ್ರೀಡಾಂಗಣ ಅದರ ಮನೆಯಂಗಳವಾಯಿತು. ಅಲ್ಲಿ ಆಟಗಾರರಿಗೂ ನೋಡುವವರಿಗೂ ನಡುವೆ ಓಟದ ಹಾದಿ ಅಡ್ಡ ಬರುತ್ತದೆ. ಓಲ್ಡ್ ಟ್ರಾಫರ್ಡಿನಲ್ಲೋ ಖಾಸಬಾಗಿನಲ್ಲೋ ಇರುವ ಹತ್ತಿರ ಅಲ್ಲಿಲ್ಲ. ಆದರೂ 2016ರ ಅಕ್ಟೋಬರ್ 19ರಂದು ಮಲೇಷ್ಯಾದ ಜೋಹೋರ್ ತಂಡವನ್ನು 3–1ರಿಂದ ಸೋಲಿಸಿ ಎಎಫ್‌ಸಿ ಕಪ್ ಫೈನಲ್ ತಲುಪಿದ ರಾತ್ರಿ ಆ ಕಟ್ಟೆಗಳು ನಡುಗಿದವು. ಅಲ್ಲಿಯವರೆಗೆ ಭಾರತದ ಯಾವ ಕ್ಲಬ್ಬೂ ಆ ಫೈನಲ್ ಕಂಡಿರಲಿಲ್ಲ. ಫೈನಲ್ಲಿನಲ್ಲಿ ಇರಾಕಿನ ವಾಯುಪಡೆ ತಂಡಕ್ಕೆ 1–0ರಿಂದ ಸೋತರು.

ನಮ್ಮ ಜಿಲ್ಲೆ? 1997ರಲ್ಲಿ ಬಾಗಲಕೋಟೆ ಜಿಲ್ಲಾ ಕೇಂದ್ರವಾಯಿತು, ಹಳೆಯ ಊರಿನ ದೊಡ್ಡ ಪಾಲು ಆಲಮಟ್ಟಿಯ ಹಿನ್ನೀರಿಗೆ ಹೋಯಿತು, ನವನಗರ ಎದ್ದಿತು. ಜಗತ್ತಿನ ಕಣ್ಣಿಗೆ ಬಿದ್ದ ಕ್ರೀಡಾಪಟುವನ್ನು ಮಾತ್ರ ಅಖಾಡವೇ ಕೊಟ್ಟಿತು. 2020ರ ಫೆಬ್ರುವರಿಯಲ್ಲಿ ದೆಹಲಿಯ ಏಷ್ಯನ್ ಕುಸ್ತಿ ಚಾಂಪಿಯನ್‌ಷಿಪ್‌ನಲ್ಲಿ ಜಿಲ್ಲೆಯ ಅರ್ಜುನ್ ಹಲಕುರ್ಕಿ ಗ್ರೀಕೊ–ರೋಮನ್ 55 ಕೆ.ಜಿ. ವಿಭಾಗದಲ್ಲಿ ಕಂಚು ಗೆದ್ದರು. ಗ್ರೀಕೊ–ರೋಮನ್ ಎಂಬ ಈ ಕುಸ್ತಿ ಶೈಲಿ ರೂಪುಗೊಂಡದ್ದು 19ನೇ ಶತಮಾನದ ಫ್ರಾನ್ಸಿನಲ್ಲಿ. ಯುರೋಪಿನ ಆಟ ಕೊನೆಗೂ ನಮ್ಮ ಕಡೆಗೆ ಬಂತು, ಬಂದದ್ದು ಕುಸ್ತಿಯ ಬಾಗಿಲಿನಿಂದ.

ಸಂತೋಷ್ ಟ್ರೋಫಿಯ ಬರ ನೀಗಿದ್ದು 2023ರ ಮಾರ್ಚ್ 4ರಂದು. ಆ ಪಂದ್ಯಾವಳಿಯ ಕೊನೆಯ ಪಂದ್ಯಗಳನ್ನು ಮೊದಲ ಬಾರಿಗೆ ದೇಶದ ಹೊರಗೆ, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಆಡಿಸಿದರು. ಫೈನಲ್ ನಡೆದದ್ದು ಅಲ್ಲಿಯ ಕಿಂಗ್ ಫಹಾದ್ ಕ್ರೀಡಾಂಗಣದಲ್ಲಿ. ಸುನಿಲ್ ಕುಮಾರ್, ಬೇಕೆ ಓರಾಂ, ರಾಬಿನ್ ಯಾದವ್ ಗೋಲು ಹೊಡೆದರು; ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿತು. ಹಿಂದಿನ ಗೆಲುವು 1968–69ರದು, ಆಗ ರಾಜ್ಯದ ಹೆಸರು ಮೈಸೂರು. ‘ಕರ್ನಾಟಕ’ ಎಂಬ ಹೆಸರಿನಲ್ಲಿ ಈ ಟ್ರೋಫಿ ಬಂದದ್ದು ಇದೇ ಮೊದಲು.